ಎಚ್ಚರಿಕೆಯ ಕೊನೆಯ ಪದವೇ ‘ಆಡಿ’

ಪ್ರಶ್ನೆ: ನನ್ನ ಮಗನಿಗೆ ಹದಿನೇಳು ವರ್ಷ, ಎರಡನೇ ಪಿಯುಸಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ಸರ್ಕಾರ ನಿಲ್ಲಿಸಿತು ಎಂದು ಪತ್ರಿಕೆಯಲ್ಲಿ ಓದಿ ನಿಶ್ಚಿಂತೆಯಿಂದ ಇದ್ದೆ. ಆದರೆ ಅವನ ಮೊಬೈಲಿಗೆ ಬೆಟ್ಟಿಂಗ್ ಜಾಹೀರಾತುಗಳು ಬರುತ್ತಲೇ ಇವೆ. ಕಳೆದ ತಿಂಗಳು ಅವನ ತಂದೆಯ ಯುಪಿಐ ಖಾತೆಯಿಂದ ಸಣ್ಣ ಸಣ್ಣ ಮೊತ್ತಗಳಲ್ಲಿ ಒಟ್ಟು ₹6,300 ಹೋಗಿರುವುದು ಗೊತ್ತಾಯಿತು. ಗದರಿಸಿ ಕೇಳಿದಾಗ, ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾವುದೋ ಲಿಂಕ್ ಹಂಚಿ ₹400 ಕಮಿಷನ್ ಪಡೆದಿದ್ದನ್ನೂ ಹೇಳಿದ. ನಮ್ಮ ಮನೆಯವರು, ‘ಜಾಹೀರಾತು ನೋಡಿದವರೆಲ್ಲ ಜೂಜಾಡುತ್ತಾರೆಯೇ? ತಪ್ಪು ಇವನದೇ’ ಎನ್ನುತ್ತಾರೆ. ನಿಷೇಧವಾದ ಮೇಲೂ ಇವು ಹೇಗೆ ಬರುತ್ತಿವೆ? ಇದನ್ನು ತಡೆಯುವವರು ಯಾರೂ ಇಲ್ಲವೇ? ನಾನು ಏನು ಮಾಡಬೇಕು?
— ಒಬ್ಬ ತಾಯಿ, ದಾವಣಗೆರೆ

ಉತ್ತರ:

ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ನಿಮ್ಮ ಮನೆಯಿಂದ ₹6,300 ಹೋದದ್ದಕ್ಕಿಂತ ಆ ₹400 ಬಂದದ್ದು ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದೆ. 2025ರ ಕೇಂದ್ರ ಕಾಯ್ದೆ ಆಡಿ ಕಳೆದುಕೊಂಡವನಿಗೆ ಶಿಕ್ಷೆ ಹೇಳುವುದಿಲ್ಲ. ಆದರೆ ಇಂಥ ಆಟದತ್ತ ಜನರನ್ನು ಸೆಳೆಯುವ ಜಾಹೀರಾತನ್ನು ಮಾಡಿದವರು, ಮಾಡಿಸಿದವರು, ಅದಕ್ಕೆ ನೆರವಾದವರು ಎಲ್ಲರೂ ಅದರ ವ್ಯಾಪ್ತಿಗೆ ಬರುತ್ತಾರೆ. ಕಮಿಷನ್ ಪಡೆದು ಲಿಂಕ್ ಹಂಚುವುದು ಆ ಗೆರೆಗೆ ತೀರ ಹತ್ತಿರದ ಕೆಲಸ. ನಿಮ್ಮ ಮಗ ಇನ್ನೂ ಅಪ್ರಾಪ್ತ. ಒಂದು ಲಿಂಕಿಗಾಗಿ ನಾಳೆ ಪೊಲೀಸರು ಮನೆಗೆ ಬರುತ್ತಾರೆ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಅವನು ಈ ವ್ಯವಹಾರದಲ್ಲಿ ಗಿರಾಕಿಯ ಸ್ಥಾನದಿಂದ ಎದ್ದು ಏಜೆಂಟನ ಸ್ಥಾನದಲ್ಲಿ ಕುಳಿತಿದ್ದಾನೆ. ಹುಡುಗರನ್ನು ಆ ಕುರ್ಚಿಗೆ ತಂದು ಕೂರಿಸುವುದೇ ಈ ಜಾಹೀರಾತುಗಳ ಕಸುಬು. ಲಿಂಕಿನ ವಿಷಯವನ್ನು ಹೇಗೆ ಸರಿಪಡಿಸಬೇಕು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಈಗ ನಿಮ್ಮ ಮನೆಯವರ ಮಾತು. ಜಾಹೀರಾತು ನೋಡಿದವರೆಲ್ಲ ಜೂಜಾಡುವುದಿಲ್ಲ, ನಿಜ. ಆದರೆ ಈ ದಂಧೆಗೆ ಎಲ್ಲರೂ ಬೇಕಾಗಿಯೂ ಇಲ್ಲ. ಸೋಪು ಮಾರುವವನಿಗೆ ಊರಿನ ಪ್ರತಿ ಮನೆಯೂ ತಿಂಗಳಿಗೊಂದು ಸೋಪು ಕೊಂಡರೆ ಲಾಭ. ಜೂಜಿನ ಲೆಕ್ಕ ಬೇರೆ. 2020ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್‌ನ ಸಮಿತಿಯೊಂದು ಅಲ್ಲಿನ ಜೂಜು ಉದ್ಯಮವನ್ನು ಪರಿಶೀಲಿಸಿ ವರದಿ ಕೊಟ್ಟಿತು. ಲಾಭದ ಶೇ 60ರಷ್ಟು ಬರುವುದು, ಚಟಕ್ಕೆ ಬಿದ್ದಿರುವ ಅಥವಾ ಬೀಳುವ ಅಂಚಿನಲ್ಲಿರುವ ಶೇ 5ರಷ್ಟು ಜನರಿಂದ ಎಂದು ಅದರಲ್ಲಿ ಹೇಳಿತ್ತು. ಅಂದರೆ ಸಾವಿರ ಜನರ ಮುಂದೆ ಬಲೆ ಬೀಸುವುದು, ಬಿಡಿಸಿಕೊಳ್ಳಲಾರದ ಕೆಲವರನ್ನು ಹುಡುಕುವುದಕ್ಕಾಗಿ. ಆ ಕೆಲವರಲ್ಲಿ ಎಳೆಯರೇ ಹೆಚ್ಚು ಸುಲಭವಾಗಿ ಸಿಕ್ಕಿಬೀಳುತ್ತಾರೆ. ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಆಯೋಗ 2024ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಆನ್‌ಲೈನ್ ಕ್ಯಾಸಿನೊ ಅಥವಾ ಸ್ಲಾಟ್ ಮಾದರಿಯ ಆಟವಾಡುವ ವಯಸ್ಕರಲ್ಲಿ ಶೇ 15.8 ಮಂದಿಗೆ ಜೂಜಿನ ಚಟ ರೋಗದ ಮಟ್ಟ ಮುಟ್ಟಿರಬಹುದು. ಹದಿಹರೆಯದವರಲ್ಲಿ ಈ ಪ್ರಮಾಣ ಶೇ 26.4. ನಾಲ್ವರು ಹುಡುಗರಲ್ಲಿ ಒಬ್ಬ. ಹುಡುಗನ ತಪ್ಪು ಇಲ್ಲವೆಂದು ನಾನು ಹೇಳುತ್ತಿಲ್ಲ. ಅವನ ತಪ್ಪಿನ ಮೇಲೆಯೇ ಲಾಭದ ಲೆಕ್ಕ ಹಾಕಿಟ್ಟುಕೊಂಡವರನ್ನು ಲೆಕ್ಕದಿಂದ ಹೊರಗಿಡಬೇಡಿ ಎನ್ನುತ್ತಿದ್ದೇನೆ.

ಆ ಲೆಕ್ಕ ಒಳಗಿಂದ ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಗ್ರಾಹಕ ಕಾನೂನಿನ ವಕೀಲನಾದ ನನ್ನ ಬಳಿಗೆ ದೂರುಗಳ ಜೊತೆ ವಿಡಿಯೊಗಳೂ ಬರುತ್ತವೆ. ಅಂಥದ್ದೊಂದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಇಪ್ಪತ್ತೆರಡು ಸೆಕೆಂಡು. ಚಹಾದಂಗಡಿಯ ಬೆಂಚು, ಇಬ್ಬರು ಹುಡುಗರು, ಹೆಗಲಲ್ಲಿ ಕಾಲೇಜಿನ ಬ್ಯಾಗು. ಒಬ್ಬನ ಮೊಬೈಲ್ ತೆರೆಯ ಮೇಲೆ ಪುಟ್ಟ ವಿಮಾನವೊಂದು ಏರುತ್ತಿದೆ, ಅದರ ಜೊತೆ ಒಂದು ಸಂಖ್ಯೆಯೂ ಏರುತ್ತಿದೆ. ಅವನು ಗುಂಡಿ ಒತ್ತುತ್ತಾನೆ. ₹500 ಇದ್ದದ್ದು ₹18,400 ಆಗುತ್ತದೆ. ಬ್ಯಾಂಕಿನ ಸಂದೇಶ ಬಂದ ಸದ್ದು. ಪಕ್ಕದವನು ಅರ್ಧ ಕುಡಿದ ಲೋಟ ಕೆಳಗಿಟ್ಟು, ‘ನನಗೂ ಲಿಂಕ್ ಕಳಿಸು’ ಎನ್ನುತ್ತಾನೆ. ಅಷ್ಟೇ, ಮುಗಿಯಿತು.

ಅದರಲ್ಲಿ ‘ಜೂಜು’ ಎಂಬ ಪದವಿಲ್ಲ, ‘ಬೆಟ್ಟಿಂಗ್’ ಕೂಡ ಇಲ್ಲ. ಸೋಲು ಒಂದು ಕ್ಷಣಕ್ಕೂ ಕಾಣಿಸುವುದಿಲ್ಲ. ತೆರೆಯ ಮೇಲಿನ ಗೆಲುವು ನಿಜವಾದ ದುಡ್ಡಿನದೇ ಆಗಿರಬೇಕೆಂದೂ ಇಲ್ಲ. ಪ್ರಚಾರಕ್ಕಾಗಿ ಮಾಡಿಕೊಟ್ಟ ಖಾತೆಯಲ್ಲಿ ಎಷ್ಟು ಬೇಕಾದರೂ ಗೆಲ್ಲಿಸಿ ತೋರಿಸಬಹುದು. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯ ಮಾತು. ಆಟ ಆಡುವುದು ಹೇಗೆ ಎಂಬುದನ್ನು ಆ ವಿಡಿಯೊ ಕಲಿಸುವುದೇ ಇಲ್ಲ. ಅದು ಕಲಿಸುವುದು ಲಿಂಕ್ ಕೇಳುವುದನ್ನು, ಕೊಡುವುದನ್ನು. ನಿಮ್ಮ ಮಗ ತರಗತಿಯ ಗುಂಪಿನಲ್ಲಿ ಮಾಡಿದ್ದು ಆ ಬೆಂಚಿನ ಮೇಲಿನ ಪಾತ್ರವನ್ನೇ.

ಇನ್ನು ‘ವೆಲ್‌ಕಮ್ ಬೋನಸ್’. ನಿಮ್ಮ ಮಗನಿಗೂ ಅದು ಸಿಕ್ಕಿರಬೇಕು. ಒಂದು ಉದಾಹರಣೆ ಕೊಡುತ್ತೇನೆ, ಅವನ ಎದುರಿಗೇ ಕಾಗದದ ಮೇಲೆ ಬರೆದು ತೋರಿಸಿ. ₹1,000 ಕಟ್ಟಿದರೆ ಇನ್ನೊಂದು ₹1,000 ಬೋನಸ್ ಎನ್ನುತ್ತಾರೆ. ಆದರೆ ದುಡ್ಡು ಹಿಂದಕ್ಕೆ ಪಡೆಯಬೇಕಾದರೆ ಒಟ್ಟು ಮೊತ್ತವನ್ನು ಹತ್ತು ಸಲ ಆಟಕ್ಕೆ ಹಾಕಿರಬೇಕು ಎಂಬ ಷರತ್ತು ಅಡಿಯಲ್ಲಿ ಇರುತ್ತದೆ ಎಂದುಕೊಳ್ಳಿ. ಅಂದರೆ ₹20,000 ಪಣಕ್ಕೆ ಬೀಳಬೇಕು. ಪ್ರತಿ ನೂರಕ್ಕೆ ಐದು ರೂಪಾಯಿ ಆಟ ನಡೆಸುವವನ ಪಾಲು ಎಂದು ಹಿಡಿದರೂ, ಇಪ್ಪತ್ತು ಸಾವಿರ ತಿರುಗುವಷ್ಟರಲ್ಲಿ ₹1,000 ಅವನ ಜೇಬಿಗೆ ಸೇರಿರುತ್ತದೆ. ಕೊಟ್ಟ ಬೋನಸ್ ಅಲ್ಲಿಗೆ ವಸೂಲು. ಇದು ಸರಾಸರಿ ಲೆಕ್ಕ. ಆ ಇಪ್ಪತ್ತು ಸಾವಿರ ತಿರುಗಿಸುವ ರಾತ್ರಿಗಳಲ್ಲಿ ಹುಡುಗನಿಗೆ ಹತ್ತುವ ರೂಢಿಯ ಬೆಲೆ ಇದರಲ್ಲಿ ಸೇರಿಲ್ಲ. ಪಿಯುಸಿ ಹುಡುಗನಿಗೆ ಶೇಕಡಾವಾರು ಲೆಕ್ಕ ಬರುತ್ತದೆ. ನೀತಿಪಾಠಕ್ಕಿಂತ ಈ ಲೆಕ್ಕ ಅವನಿಗೆ ಬೇಗ ನಾಟುತ್ತದೆ.

ಎಚ್ಚರಿಕೆಯ ವಾಕ್ಯ ಹಾಕುತ್ತಿದ್ದರಲ್ಲ ಎಂದು ನೀವು ಕೇಳಬಹುದು. ಹಾಕುತ್ತಿದ್ದರು. ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಸಂಸ್ಥೆಯಾದ ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಆಸ್ಕಿ, 2020ರ ಡಿಸೆಂಬರ್ 15ರಿಂದ ಹಣದ ಆಟಗಳ ಜಾಹೀರಾತಿಗೆ ಮಾರ್ಗಸೂಚಿ ತಂದಿತು. ಹದಿನೆಂಟು ದಾಟದವರು ಆಡುವಂತೆ ತೋರಿಸಬಾರದು, ಇದನ್ನು ಸಂಪಾದನೆಯ ದಾರಿ ಅಥವಾ ನೌಕರಿಗೆ ಬದಲಿ ಎಂದು ಬಿಂಬಿಸಬಾರದು, ಮುದ್ರಿತ ಜಾಹೀರಾತಿನಲ್ಲಿ ಎಚ್ಚರಿಕೆಗೆ ಕನಿಷ್ಠ ಶೇ 20 ಜಾಗ ಬಿಡಬೇಕು. ಟಿವಿಯಲ್ಲಿ ಜಾಹೀರಾತಿನ ಕೊನೆಗೆ ಉಸಿರು ಬಿಡದೆ ಓದುತ್ತಿದ್ದದ್ದು ಇದನ್ನೇ: ‘ಈ ಆಟದಲ್ಲಿ ಆರ್ಥಿಕ ಅಪಾಯವಿದೆ, ಇದು ಚಟವಾಗಬಹುದು, ದಯವಿಟ್ಟು ಜವಾಬ್ದಾರಿಯಿಂದ, ನಿಮ್ಮ ಸ್ವಂತ ಹೊಣೆಯ ಮೇಲೆ ಆಡಿ.’

ಪದವಿ ಕಾಲೇಜೊಂದರಲ್ಲಿ ಮಾತನಾಡಲು ಹೋದಾಗ, ಈ ಎಚ್ಚರಿಕೆ ಯಾರಿಗೆ ನೆನಪಿದೆ ಎಂದು ಕೇಳಿದ್ದೆ. ಹಿಂದಿನ ಬೆಂಚುಗಳಿಂದ ಹತ್ತಾರು ಹುಡುಗರು ಟಿವಿಯ ಅದೇ ವೇಗದಲ್ಲಿ, ಒಂದಕ್ಷರ ತಪ್ಪದೆ, ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದರು. ಸಭಾಂಗಣವೆಲ್ಲ ನಕ್ಕಿತು. ಆರ್ಥಿಕ ಅಪಾಯ ಅಂದರೆ ಏನು ಎಂದು ಕೇಳಿದೆ. ಯಾರೂ ಬಾಯಿ ತೆರೆಯಲಿಲ್ಲ. ಅವತ್ತು ರಾತ್ರಿ ಬಸ್ಸಿನಲ್ಲಿ ಊರಿಗೆ ಹಿಂದಿರುಗುವಾಗ ಆ ವಾಕ್ಯವನ್ನು ನನ್ನೊಳಗೆ ಮತ್ತೆ ಮತ್ತೆ ಹೇಳಿಕೊಂಡೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಕಿವಿಯಲ್ಲಿ ಉಳಿಯುವುದೂ ಅದೇ. ಅಪಾಯ, ಚಟ, ಜವಾಬ್ದಾರಿ ಎಲ್ಲವೂ ಸರ್ರನೆ ಸರಿದುಹೋಗಿ ಕೊನೆಗೆ ನಿಲ್ಲುವ ಪದ ‘ಆಡಿ’. ಜೊತೆಗೆ ‘ನಿಮ್ಮ ಸ್ವಂತ ಹೊಣೆಯ ಮೇಲೆ’. ಆಡಲು ಕರೆದವನು ಹೊಣೆಯನ್ನು ಆಡುವವನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ವಾಕ್ಯಕ್ಕೆ ನಾವು ಎಚ್ಚರಿಕೆ ಎಂದು ಹೆಸರಿಟ್ಟುಕೊಂಡಿದ್ದೆವು.

ಈ ಹೊತ್ತಿಗೆ ಕ್ರಿಕೆಟ್ ಪೂರ್ತಿಯಾಗಿ ಈ ಹಣದ ಕೈಗೆ ಸೇರಿಹೋಗಿತ್ತು. 2020ರ ಐಪಿಎಲ್‌ನ ಶೀರ್ಷಿಕೆ ಪ್ರಾಯೋಜಕ, ಹಣ ಕಟ್ಟಿ ಆಟಗಾರರ ತಂಡ ಆರಿಸಿ ಆಡುವ ಆ್ಯಪ್ ಆಗಿದ್ದ ಡ್ರೀಮ್ ಇಲೆವೆನ್. 2023ರಿಂದ ಭಾರತ ತಂಡದ ಅಂಗಿಯ ಎದೆಯ ಮೇಲಿದ್ದ ಹೆಸರೂ ಅದೇ. 2025ರ ಆಗಸ್ಟ್‌ನಲ್ಲಿ ಕಾಯ್ದೆ ಬಂದ ಕೂಡಲೇ ಆ ಹೆಸರು ಇಳಿಯಿತು. ಸೆಪ್ಟೆಂಬರ್‌ನ ಏಷ್ಯಾ ಕಪ್‌ನಲ್ಲಿ ನಮ್ಮ ಆಟಗಾರರು ಎದೆ ಖಾಲಿ ಇದ್ದ ಅಂಗಿ ತೊಟ್ಟು ಆಡಿದ್ದು ನಿಮ್ಮ ಮಗನಿಗೂ ನೆನಪಿರುತ್ತದೆ. ವರ್ಷಗಳನ್ನು ಅವನ ವಯಸ್ಸಿಗೆ ಹೊಂದಿಸಿ ನೋಡಿ. ಹುಡುಗರಿಗೆ ಕ್ರಿಕೆಟ್ ಹುಚ್ಚು ಹಿಡಿಯುವುದೇ ಹತ್ತು, ಹನ್ನೊಂದು, ಹನ್ನೆರಡರಲ್ಲಿ. ಅಲ್ಲಿಂದ ಕಾಯ್ದೆ ಬರುವವರೆಗೆ ಅವನು ಕ್ರಿಕೆಟನ್ನು ಹಣ ಕಟ್ಟುವ ಆ್ಯಪಿನ ಹೆಸರಿಲ್ಲದೆ ನೋಡಿಯೇ ಇಲ್ಲ. ತಂಡ ಕಟ್ಟಿ ಹಣ ಹಾಕುವುದು ಪಂದ್ಯ ನೋಡುವುದರ ಒಂದು ಭಾಗ ಎಂದೇ ಆ ಪೀಳಿಗೆ ಬೆಳೆಯಿತು. ‘ಓಸಿ ಬರೆಯುವವನು’ ಎಂದರೆ ಊರಿನಲ್ಲಿ ತಲೆ ತಗ್ಗಿಸುವಂಥ ಮಾತಾಗಿದ್ದ ಕಾಲದಲ್ಲಿ ನಾವು ಬೆಳೆದೆವು. ಒಂದಂಕಿ ಲಾಟರಿ ಎಷ್ಟು ಸಂಸಾರಗಳನ್ನು ಮುರಿಯಿತೆಂದು ಕಂಡ ರಾಜ್ಯ ಇದು. 2007ರಲ್ಲಿ ಲಾಟರಿಯನ್ನೇ ನಿಲ್ಲಿಸಿದೆವು. ಆ ನಾಚಿಕೆಯನ್ನು ಅಳಿಸಿಹಾಕುವ ಕೆಲಸವನ್ನು ಜಾಹೀರಾತು ಐದಾರು ವರ್ಷಗಳಲ್ಲಿ ಮಾಡಿಮುಗಿಸಿತು. ನನ್ನ ದೃಷ್ಟಿಯಲ್ಲಿ ಅದು ಮಾಡಿದ ದೊಡ್ಡ ಹಾನಿ ಇದು.

ಕಾನೂನು ಇಷ್ಟು ದಿನ ಎಲ್ಲಿತ್ತು? ಸಂವಿಧಾನದ ರಾಜ್ಯ ಪಟ್ಟಿಯ 34ನೇ ನಮೂದಿನ ಪ್ರಕಾರ ಬೆಟ್ಟಿಂಗ್ ಮತ್ತು ಜೂಜು ರಾಜ್ಯಗಳಿಗೆ ಬಿಟ್ಟ ವಿಷಯ. ಕರ್ನಾಟಕವು ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು 2021ರ ಅಕ್ಟೋಬರ್ 5ರಿಂದ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕಂಪನಿಗಳು ಹೈಕೋರ್ಟಿಗೆ ಹೋದವು. ಕೌಶಲದ ಆಟ ಜೂಜಲ್ಲ ಎಂಬುದು ಅವುಗಳ ವಾದ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿದ್ದು ಅವುಗಳ ಕೈಲಿದ್ದ ದೊಡ್ಡ ಅಸ್ತ್ರ. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ನಿಷೇಧದ ಭಾಗಗಳನ್ನು ರದ್ದುಮಾಡಿತು. ಆಮೇಲೆ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ 2022ರ ಜೂನ್‌ನಿಂದ ಮೇಲಿಂದ ಮೇಲೆ ಮಾಧ್ಯಮಗಳಿಗೆ ಸಲಹಾ ಪತ್ರ ಕಳುಹಿಸಿತು: ಬೆಟ್ಟಿಂಗ್ ಜಾಹೀರಾತು ಹಾಕಬೇಡಿ, ಬದಲಿ ಹೆಸರಿನ ಜಾಹೀರಾತನ್ನೂ ಹಾಕಬೇಡಿ. ಅದೇ ಸೂಚನೆಯನ್ನು ಮತ್ತೆ ಮತ್ತೆ ಹೊರಡಿಸಬೇಕಾಯಿತು ಎಂಬುದೇ ಅದು ಎಷ್ಟರಮಟ್ಟಿಗೆ ಪಾಲನೆಯಾಯಿತು ಎಂಬುದಕ್ಕೆ ಸಾಕ್ಷಿ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಎರಡೇ ದಿನಗಳಲ್ಲಿ ಅಂಗೀಕರಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಹಳೆಯ ಜಗಳವನ್ನು ಅದು ಬದಿಗೆ ಸರಿಸಿ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ಯಾವುದಾದರೂ ನಿಷಿದ್ಧ ಎಂದಿತು. ಆಟ ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡಿದವರಿಗೆ ಎರಡು ವರ್ಷದವರೆಗೆ ಜೈಲು, ₹50 ಲಕ್ಷದವರೆಗೆ ದಂಡ. ಹಣ ಸಾಗಿಸಲು ನೆರವಾದ ಬ್ಯಾಂಕು, ಪಾವತಿ ಸಂಸ್ಥೆಗಳಿಗೂ ಆಟ ನಡೆಸಿದವರಷ್ಟೇ ಶಿಕ್ಷೆ. ಕಾಯ್ದೆಯ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಗಳು ನಮ್ಮ ಹೈಕೋರ್ಟ್ ಸೇರಿದಂತೆ ಹಲವೆಡೆ ದಾಖಲಾದವು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವನ್ನು ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಹೀಗೆ ನಮ್ಮ ನೆಲದ ಕಂಪನಿಗಳು ಹಣದ ಆಟಗಳಿಗೆ ಬಾಗಿಲು ಹಾಕಿದವು. ನಿಮ್ಮ ಮಗನ ಮೊಬೈಲಿಗೆ ಬರುತ್ತಿರುವುದು ಅವುಗಳ ಜಾಹೀರಾತು ಆಗಿರಲಾರದು. ಯಾವುದೋ ದ್ವೀಪರಾಷ್ಟ್ರದಲ್ಲಿ ನೋಂದಣಿ ಮಾಡಿಸಿಕೊಂಡು, ನಮ್ಮ ಕಾನೂನಿಗೆ ಸುಲಭವಾಗಿ ಸಿಗದ ಜಾಲತಾಣಗಳವು. ಸರ್ಕಾರ 2022ರಿಂದ 2025ರ ನಡುವೆ ಇಂಥ ಒಂದೂವರೆ ಸಾವಿರದಷ್ಟು ತಾಣ, ಆ್ಯಪ್‌ಗಳನ್ನು ತಡೆಹಿಡಿಯಲು ಆದೇಶಿಸಿದೆ. ಒಂದನ್ನು ಮುಚ್ಚಿದರೆ ಹೆಸರಿನ ಮುಂದೆ ಒಂದು ಅಂಕಿ ಸೇರಿಸಿಕೊಂಡು ಇನ್ನೊಂದು ಮರುದಿನವೇ ತೆರೆದುಕೊಳ್ಳುತ್ತದೆ.

ಜಾಹೀರಾತು ದಾಟಿಬರುವ ದಾರಿಗಳೂ ಹಾಗೆಯೇ. ಮದ್ಯದ ಕಂಪನಿಗಳು ಸೋಡಾ, ಸಂಗೀತದ ಸಿ.ಡಿ. ಎಂದು ಅದೇ ಹೆಸರು, ಅದೇ ಬಣ್ಣ, ಅದೇ ಅಕ್ಷರದಲ್ಲಿ ಜಾಹೀರಾತು ಕೊಡುತ್ತಿದ್ದದ್ದು ನಿಮಗೆ ನೆನಪಿರಬೇಕು. ಬೆಟ್ಟಿಂಗ್‌ನವರು ಅದೇ ಉಪಾಯವನ್ನು ಎತ್ತಿಕೊಂಡು ತಮ್ಮ ಹೆಸರಿನ ಮುಂದೆ ‘ನ್ಯೂಸ್’ ಎಂದೋ ‘ಸ್ಪೋರ್ಟ್ಸ್’ ಎಂದೋ ಅಂಟಿಸಿದರು. ಅದು ನಮ್ಮವರು ಮಾತ್ರ ಕಂಡುಕೊಂಡ ಕಳ್ಳದಾರಿಯಲ್ಲ. ಇಟಲಿ 2018ರಲ್ಲಿ ಜೂಜಿನ ಜಾಹೀರಾತನ್ನೂ ಪ್ರಾಯೋಜಕತ್ವವನ್ನೂ ಪೂರ್ತಿಯಾಗಿ ನಿಷೇಧಿಸಿತು. ಕೆಲವು ವರ್ಷಗಳಲ್ಲೇ ದೊಡ್ಡ ಫುಟ್‌ಬಾಲ್ ಕ್ಲಬ್‌ಗಳ ಅಂಗಿಯ ಮೇಲೆ ಬೆಟ್ಟಿಂಗ್ ಹೆಸರುಗಳು ‘ಕ್ರೀಡಾ ಸುದ್ದಿ ತಾಣ’ದ ವೇಷದಲ್ಲಿ ಮರಳಿದವು. ಇನ್ನೊಂದು ದಾರಿ ವಿದೇಶದಲ್ಲಿ ನಡೆಯುವ ಪಂದ್ಯದ ಗಡಿಗೆರೆಯ ಫಲಕಗಳು. ಫಲಕ ಇರುವುದು ಬೇರೆ ದೇಶದಲ್ಲಿ, ನೋಡುವ ಕಣ್ಣು ದಾವಣಗೆರೆಯಲ್ಲಿ. ಖ್ಯಾತನಾಮರ ಮುಖ ಮತ್ತೊಂದು ದಾರಿ. ನಿಜವಾಗಿಯೇ ಹಣ ಪಡೆದು ಪ್ರಚಾರ ಮಾಡಿದ ಆರೋಪದ ಮೇಲೆ 2025ರಲ್ಲಿ ಜಾರಿ ನಿರ್ದೇಶನಾಲಯ ಮಾಜಿ ಕ್ರಿಕೆಟಿಗರನ್ನೂ ನಟನಟಿಯರನ್ನೂ ವಿಚಾರಣೆಗೆ ಕರೆಸಿತು. ಮುಖವನ್ನು ಕದ್ದು ಮಾಡಿದ ನಕಲಿ ವಿಡಿಯೊಗಳೂ ಇವೆ. 2024ರ ಜನವರಿಯಲ್ಲಿ ಸಚಿನ್ ತೆಂಡೂಲ್ಕರ್ ತಮ್ಮ ಹೆಸರಿನಲ್ಲಿ ಗೇಮಿಂಗ್ ಆ್ಯಪ್ ಒಂದನ್ನು ಹೊಗಳುವ ಡೀಪ್‌ಫೇಕ್ ಓಡಾಡುತ್ತಿದೆ ಎಂದು ಸ್ವತಃ ಎಚ್ಚರಿಸಬೇಕಾಯಿತು.

ಆದರೆ ನಿಮ್ಮ ಮಗನಂಥ ಹುಡುಗರನ್ನು ತಲುಪುವ ಹೆದ್ದಾರಿ ಇವು ಯಾವುವೂ ಅಲ್ಲ. ಅದು ಕಿರು ವಿಡಿಯೊ, ಅಲ್ಲಿಂದ ಟೆಲಿಗ್ರಾಂ ಚಾನೆಲ್, ಅಲ್ಲಿಂದ ವಾಟ್ಸ್‌ಆ್ಯಪ್‌ನಲ್ಲಿ ‘ಐಡಿ’. ‘ಐಡಿ ತೆಗೆದುಕೊಳ್ಳುವುದು’ ಎಂಬ ಮಾತನ್ನು ಮಗನ ಬಾಯಲ್ಲಿ ಕೇಳಿದ್ದರೆ ಅದರ ಅರ್ಥ ಬೆಟ್ಟಿಂಗ್ ಖಾತೆ. ಕನ್ನಡದ ವಿಡಿಯೊಗಳು ಇಂಗ್ಲಿಷಿನವಕ್ಕಿಂತ ಸಲೀಸಾಗಿ ದಾಟುತ್ತವೆ ಎಂಬುದು ನನ್ನ ಅನುಭವ. ‘ಬೆಟ್’ ಎಂಬ ಪದ ಇದ್ದರೆ ಯಂತ್ರ ಹಿಡಿಯುತ್ತದೆ. ‘ಐಡಿ ಬೇಕಾದವರು ಮೆಸೇಜ್ ಮಾಡಿ’ ಎಂದರೆ ಅದಕ್ಕೆ ಏನೂ ಅರ್ಥವಾಗುವುದಿಲ್ಲ. ನಮ್ಮ ಭಾಷೆಯಲ್ಲಿ ವ್ಯಾಪಾರ ಮಾಡುವ ಕಂಪನಿ ನಮ್ಮ ಭಾಷೆ ಬಲ್ಲ ಪರಿಶೀಲಕರನ್ನೂ ಇಟ್ಟುಕೊಳ್ಳಬೇಕು ಎಂದು ಕೇಳುವುದು ಅತಿ ಎಂದು ನನಗೆ ಅನಿಸುವುದಿಲ್ಲ.

ತಡೆಯುವವರು ಯಾರೂ ಇಲ್ಲವೇ ಎಂದು ಕೇಳಿದ್ದೀರಿ. ಇದ್ದಾರೆ, ಆದರೆ ಇಲ್ಲಿಯತನಕ ಅವರ ಕೈ ಚಾಚಿದ್ದು ತಪ್ಪು ದಿಕ್ಕಿಗೆ. ಜಾಹೀರಾತಿನ ಮಾತುಗಳನ್ನು ತಿದ್ದಲು ಹೋದೆವು, ಆಗಲಿಲ್ಲ. ತಾಣಗಳನ್ನು ಮುಚ್ಚುತ್ತಿದ್ದೇವೆ, ಅವು ಮುಗಿಯುವುದಿಲ್ಲ. ಜಾಹೀರಾತು ಕೊಟ್ಟವನು ದ್ವೀಪದಲ್ಲಿ ಕುಳಿತಿರಬಹುದು, ಅದನ್ನು ಹೊತ್ತು ತಂದವನು ಇಲ್ಲೇ ಇದ್ದಾನೆ. ವಿಡಿಯೊ ತೋರಿಸಿ ಹಣ ಪಡೆದ ವೇದಿಕೆಗೆ ಇಲ್ಲಿ ಕಚೇರಿಯಿದೆ, ಇಲ್ಲಿ ಆದಾಯವಿದೆ. ಪ್ರಚಾರ ಮಾಡಿದ ಇನ್‌ಫ್ಲುಯೆನ್ಸರ್‌ಗೆ ಇಲ್ಲಿ ಬ್ಯಾಂಕ್ ಖಾತೆಯಿದೆ. ಹಣ ಪಡೆದ ಯುಪಿಐ ಖಾತೆ ಇಲ್ಲಿನ ಯಾರದೋ ಹೆಸರಿನಲ್ಲಿದೆ. ಹೊರುವವರು ನಿಂತರೆ ಹೊರೆ ಊರು ತಲುಪುವುದಿಲ್ಲ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ವೇದಿಕೆಗಳಿಗೆ ರಕ್ಷಣೆ ಕೊಡುತ್ತದೆ: ಬೇರೆಯವರು ಹಾಕಿದ್ದಕ್ಕೆ ನಾವು ಹೊಣೆಯಲ್ಲ ಎಂಬ ರಕ್ಷಣೆ. ಯಾರೋ ಬಳಕೆದಾರ ಗೀಚಿದ ಬರಹಕ್ಕೆ ಅದು ನ್ಯಾಯವೇ. ಆದರೆ ದುಡ್ಡು ಪಡೆದು, ಯಾವ ವಯಸ್ಸಿನವರಿಗೆ, ಯಾವ ಊರಿನವರಿಗೆ, ಯಾವ ಹೊತ್ತಿನಲ್ಲಿ ತೋರಿಸಬೇಕೆಂದು ಲೆಕ್ಕಹಾಕಿ ತೋರಿಸಿದ ಜಾಹೀರಾತು ‘ಬೇರೆಯವರದು’ ಹೇಗಾಗುತ್ತದೆ? ಹಣ ಪಡೆದ ಜಾಹೀರಾತಿಗೆ ಆ ರಕ್ಷಣೆ ಸಲ್ಲಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿ ಜಾಹೀರಾತಿನ ಹಿಂದೆ ಹಣ ಕೊಟ್ಟವರು ಯಾರೆಂದು ಪ್ಯಾನ್ ಸಮೇತ ಪರಿಶೀಲಿಸಿ, ಯಾರು ಬೇಕಾದರೂ ನೋಡುವಂತೆ ತೆರೆದಿಡಬೇಕು. ಬದಲಿ ಹೆಸರಿನಲ್ಲಿ ಬರುವವರು ತಮ್ಮ ‘ಸುದ್ದಿ ತಾಣ’ ನಿಜವಾಗಿ ಸುದ್ದಿಯಿಂದಲೇ ಗಳಿಸುತ್ತಿದೆ ಎಂದು ಲೆಕ್ಕಪತ್ರ ತೋರಿಸಲಿ. ತೋರಿಸಲಾಗದಿದ್ದರೆ ಅದು ಬೆಟ್ಟಿಂಗ್ ಜಾಹೀರಾತೇ ಎಂದು ಕಾನೂನು ಭಾವಿಸಲಿ.

ಇನ್ನೂ ಒಂದು ಆಸರೆ ಬರುವ ದಾರಿಯಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರ ನಡವಳಿಕೆಯ ಜಾಡು ಹಿಡಿದು ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು; ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಆದರೆ ನಿಮ್ಮ ಮಗ ಖಾತೆ ತೆರೆಯುವಾಗ ಹುಟ್ಟಿದ ವರ್ಷ ಏನೆಂದು ಹಾಕಿದ್ದಾನೆ ಎಂದು ಒಮ್ಮೆ ನೋಡಿ. ನನಗೆ ಗೊತ್ತಿರುವ ಬಹುತೇಕ ಪಿಯುಸಿ ಹುಡುಗರು ಮೊಬೈಲಿನ ಲೆಕ್ಕದಲ್ಲಿ ಇಪ್ಪತ್ತೈದು ದಾಟಿದ್ದಾರೆ.

ಬೇರೆ ದೇಶಗಳ ಕಡೆ ಒಂದು ನೋಟ ಸಾಕು. ಬ್ರಿಟನ್‌ನಲ್ಲಿ ಜೂಜು ಕಾನೂನುಬದ್ಧ; ಆದರೂ 2022ರ ಅಕ್ಟೋಬರ್‌ನಿಂದ ಮಕ್ಕಳನ್ನು ಬಲವಾಗಿ ಸೆಳೆಯುವ ಯಾರನ್ನೂ, ಹೆಸರಾಂತ ಫುಟ್‌ಬಾಲ್ ಆಟಗಾರರನ್ನು ಕೂಡ, ಅಂಥ ಜಾಹೀರಾತಿನಲ್ಲಿ ಬಳಸುವಂತಿಲ್ಲ. ಬೆಲ್ಜಿಯಂ 2023ರ ಜುಲೈನಿಂದ ಬಹುತೇಕ ಎಲ್ಲ ಜೂಜಿನ ಜಾಹೀರಾತನ್ನು ನಿಲ್ಲಿಸಿತು. ನಮ್ಮದು ಕಾಗದದ ಮೇಲೆ ಇವೆಲ್ಲಕ್ಕಿಂತ ಕಠಿಣ. ನಮಗೆ ಮತ್ತೊಂದು ನಿಷೇಧ ಬೇಕಿಲ್ಲ, ಜಾಹೀರಾತು ಹೊತ್ತು ತರುವ ಒಬ್ಬ ದೊಡ್ಡ ಹೊರೆಯಾಳಿಗೆ ಸರಿಯಾದ ಒಂದು ದಂಡ ಬೀಳಬೇಕಾಗಿದೆ.

ಈಗ ನಿಮ್ಮ ಕೆಲಸ. ಮೊಬೈಲ್ ಕಿತ್ತುಕೊಳ್ಳಬೇಡಿ, ಪುರಾವೆ ಅದರಲ್ಲೇ ಇದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಾಹೀರಾತು, ಚಾನೆಲ್ಲಿನ ಹೆಸರು, ತಾಣದ ವಿಳಾಸ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಯುಪಿಐ ವಿವರದಲ್ಲಿ ಹಣ ಹೋದ ಪ್ರತಿ ಖಾತೆಯ ಹೆಸರನ್ನೂ ಬರೆದುಕೊಳ್ಳಿ. ಪ್ರತಿ ಸಲ ಬೇರೆ ಬೇರೆ ವ್ಯಕ್ತಿಯ ಹೆಸರು ಇದ್ದರೆ ಅವು ಬಾಡಿಗೆ ಖಾತೆಗಳು. ಮಗ ತನ್ನ ಖಾತೆಯನ್ನೋ ಸಿಮ್ಮನ್ನೋ ಯಾರಿಗಾದರೂ ಹೀಗೆ ಕೊಟ್ಟಿದ್ದಾನೆಯೇ ಎಂದು ಮೆಲ್ಲಗೆ ಕೇಳಿ. ಕೊಟ್ಟಿದ್ದರೆ ತಡಮಾಡದೆ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಿ. ಜಾಹೀರಾತಿನ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಆಸ್ಕಿಗೂ ದೂರು ಸಲ್ಲಿಸಬಹುದು. ಹಣ ಮರಳಿ ಬರುತ್ತದೆಂದು ನಾನು ಭರವಸೆ ಕೊಡಲಾರೆ. ದೂರು ದಾಖಲಾಗದಿದ್ದರೆ ಹೊರೆಯಾಳಿನ ವಿರುದ್ಧ ಪ್ರಕರಣ ಕಟ್ಟಲು ಯಾರಿಗೂ ಏನೂ ಸಿಗುವುದಿಲ್ಲ. ಗೂಗಲ್ ಖಾತೆಯ ಜಾಹೀರಾತು ಆಯ್ಕೆಗಳಲ್ಲಿ ಜೂಜಿನ ಜಾಹೀರಾತು ಕಡಿಮೆ ತೋರಿಸು ಎಂಬ ಸೌಲಭ್ಯವಿದೆ, ಒತ್ತಿಬಿಡಿ. ತಂದೆಯ ಯುಪಿಐ ಪಿನ್ ಇಂದೇ ಬದಲಾಗಲಿ.

ಅವನು ರಾತ್ರಿ ನಿದ್ದೆಗೆಟ್ಟು ಆಡುತ್ತಿದ್ದರೆ, ಕಳೆದದ್ದನ್ನು ಗೆದ್ದು ತೀರಿಸುತ್ತೇನೆ ಎನ್ನುತ್ತಿದ್ದರೆ, ಸುಳ್ಳು ಹೇಳಿ ಸಾಲ ಮಾಡುತ್ತಿದ್ದರೆ ಅದು ಬೈಗುಳಕ್ಕೆ ಬಗ್ಗುವ ವಿಷಯವಲ್ಲ, ಚಿಕಿತ್ಸೆಯ ವಿಷಯ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಆಟಗಳ ಗೀಳಿಗೆಂದೇ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಸಾಲದ ಭಯ, ಅವಮಾನದ ಭಯ ಎರಡೂ ಒಟ್ಟಿಗೆ ಬಂದಾಗ ಹುಡುಗರು ಒಬ್ಬರೇ ಇರಬಾರದು. ‘ಎಷ್ಟೇ ಆಗಿರಲಿ ಹೇಳು, ಕೂತು ತೀರಿಸೋಣ’ ಎಂಬ ಮಾತು ನಿಮ್ಮ ಮನೆಯವರ ಬಾಯಿಂದ ಬಂದರೆ ಇನ್ನೂ ಒಳ್ಳೆಯದು.

ಕೊನೆಗೆ ಆ ಲಿಂಕ್. ಮೊದಲು ಅದರದೂ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಗುಂಪಿನಿಂದ ಅಳಿಸಲು ಹೇಳಿ. ಹಾಕಿ ಕೆಲವು ದಿನ ಕಳೆದಿದ್ದರೆ ಎಲ್ಲರ ಮೊಬೈಲಿನಿಂದ ಅಳಿಸಲು ವಾಟ್ಸ್‌ಆ್ಯಪ್ ಬಿಡುವುದಿಲ್ಲ. ಹಾಗಾಗಿ ಅಳಿಸಿದರೂ ಅಳಿಸಲಾಗದಿದ್ದರೂ ಅವನು ಅದೇ ಗುಂಪಿನಲ್ಲಿ ಎರಡು ಸಾಲು ಬರೆಯಬೇಕು: ‘ನಾನು ಹಾಕಿದ ಲಿಂಕ್ ಒತ್ತಬೇಡಿ, ನಾನು ಅದರಲ್ಲಿ ₹6,300 ಕಳೆದುಕೊಂಡೆ. ಯಾರಾದರೂ ಹಣ ಹಾಕಿದ್ದರೆ ನನಗೆ ಹೇಳಿ, ಅಮ್ಮನ ಜೊತೆ ಸೇರಿ ದೂರು ಕೊಡೋಣ.’ ನೀವು ಬರೆದುಕೊಡಬೇಡಿ, ಅವನೇ ತನ್ನ ಮಾತಿನಲ್ಲಿ ಬರೆಯಲಿ. ಆ ಗುಂಪಿನಲ್ಲಿ ಅವನಿಂದ ಲಿಂಕ್ ಪಡೆದು ಆಗಲೇ ಹಣ ಹಾಕಿ, ಮನೆಯಲ್ಲಿ ಹೇಳಲಾಗದೆ ಕುಳಿತಿರುವ ಹುಡುಗರು ಒಬ್ಬಿಬ್ಬರಾದರೂ ಇರುತ್ತಾರೆ. ಅವರು ಬಂದರೆ ಅವರ ತಾಯಂದಿರಿಗೂ 1930ರ ಸಂಖ್ಯೆ ಕೊಡಿ.